ಗುರೆಳ್ಳು ಚಟ್ನಿಗೆ ಬಂದ ಪಾಚಿ

ಆ ಹುಡುಗಿಯ ಚೀಲದಿಂದ ಬಳಪ ಉದುರಿದ್ದನ್ನು ಮೊದಲು ನೋಡಿದವಳು ಅವ್ವ.

ಧಾರವಾಡದಲ್ಲಿ ನಮ್ಮದೊಂದು ಖಾನಾವಳಿ. ಕಟ್ಟಿದವಳು ಅವ್ವ. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ಒಲೆ ನನ್ನ ಕೈಗೆ ಬಂತು. ಮೊದಲೆಲ್ಲ ಕಚೇರಿಯ ಗುಮಾಸ್ತರು, ಕೋರ್ಟಿನ ಕೆಲಸಕ್ಕೆ ಬಂದ ಹಳ್ಳಿಯ ಜನ ಊಟಕ್ಕೆ ಬರುತ್ತಿದ್ದರು. ಸುತ್ತಲಿನ ಓಣಿಗಳಲ್ಲಿ ಕೋಚಿಂಗ್ ಕ್ಲಾಸುಗಳು ತೆರೆದ ಮೇಲೆ ಪಂಕ್ತಿಯ ತುಂಬ ಹುಡುಗಿಯರು. ತಟ್ಟೆಯ ಪಕ್ಕ ಸಾಮಾನ್ಯ ಜ್ಞಾನದ ಪುಸ್ತಕ ತೆರೆದಿಟ್ಟುಕೊಂಡೇ ರೊಟ್ಟಿ ಮುರಿಯುವವರು. ಬಡಿಸುತ್ತ ಇಣುಕಿ ನೋಡಿಯೇ ಯಾವ ನದಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನಾನು ಕಲಿತದ್ದು.

ಬಳಪದ ಆ ಹುಡುಗಿ ಉಪ್ಪಿನಬೆಟಗೇರಿಯವಳು. ಪೊಲೀಸ್ ಕಾನ್ಸ್‌ಟೇಬಲ್ ಆಗಬೇಕೆಂದು ಓದುತ್ತಿದ್ದಳು. ಹಿಂದಿನ ವರ್ಷ ಲಿಖಿತ ಪರೀಕ್ಷೆ ದಾಟಿದ್ದರೂ ಓಟದಲ್ಲಿ ಅರ್ಧಕ್ಕೇ ನಿಂತುಬಿಟ್ಟಿದ್ದಳಂತೆ. ಹೀಗಾಗಿ ಈ ಸಲ ದಿನಾ ಬೆಳಿಗ್ಗೆ ಮೈದಾನಕ್ಕೆ ಹೋಗಿ ಓಡುವುದು, ಅಲ್ಲಿಂದ ನೇರ ನಮ್ಮಲ್ಲಿಗೆ ನಾಷ್ಟಾಕ್ಕೆ ಬರುವುದು. ಆ ದಿನ ಬಂದವಳು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂರಲು ಹೋಗಿ, ಕೂರಲಾಗದೆ, ಹಾಗೆಯೇ ಜಾರಿ ನೆಲಕ್ಕೆ ಬಿದ್ದಳು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿ ಹೋಗಿ, ಹಿಟ್ಟಿನ ಕೈಯಲ್ಲೇ ಮುಖಕ್ಕೆ ನೀರು ಹಾಕಿದೆ.

"ಏನಾತು ತಂಗಿ?"

"ಏನಿಲ್ರಿ ಕಾಕು. ಕಣ್ಣಿಗೆ ಕತ್ತಲಿ ಬಂದಂಗಾತ್ರಿ."

ಅಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದಳು. ಆಕೆಯ ಚೀಲ ಬಾಯಿ ತೆರೆದು ಬಿದ್ದಿತ್ತು. ಒಳಗಿಂದ ಪಾಟಿಯ ಮೇಲೆ ಬರೆಯುವ ಬಳಪದ ಕಡ್ಡಿಗಳು ನೆಲದ ತುಂಬ ಚೆಲ್ಲಿದ್ದವು. ಕೆಲವು ಅರ್ಧ ಕಡಿದಿದ್ದವು.

"ಇದೇನವಾ, ಸಣ್ಣ ಸಾಲಿ ಹುಡುಗ್ರಂಗ ಬಳಪ ಇಟ್ಕೊಂಡೀ?" ಎಂದಳು ಅವ್ವ.

ಹುಡುಗಿ ತಲೆ ತಗ್ಗಿಸಿ ಹೇಳಿದಳು, "ತಿನ್ನಾಕ್ರಿ, ಆಯಿ."

ಓಣಿಯ ಮೂಲೆಯ ಅಂಗಡಿಯವನು ಇವಳನ್ನು ಯಾವುದೋ ಕನ್ನಡ ಶಾಲೆಯ ಟೀಚರ್ ಎಂದುಕೊಂಡಿದ್ದನಂತೆ. ಹೋದಾಗಲೆಲ್ಲ ಡಬ್ಬಿಗಟ್ಟಲೆ ಬಳಪ ಒಯ್ಯುತ್ತಿದ್ದಳಲ್ಲ.

ಪಕ್ಕದ ಓಣಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ. ನಾನೇ ಕರೆದುಕೊಂಡು ಹೋದೆ. ಅವರು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ತೀರ ಕಡಿಮೆ ಇತ್ತು. ಬಳಪ ತಿನ್ನಬೇಕು ಎನ್ನಿಸುವುದೂ ಅದರದೇ ಲಕ್ಷಣ ಎಂದರು. ಕಬ್ಬಿಣದ ಗುಳಿಗೆ ಬರೆದುಕೊಟ್ಟು, ನನ್ನ ಕಡೆ ತಿರುಗಿ ಕೇಳಿದರು.

"ಊಟ ಎಲ್ಲಿ ಮಾಡ್ತಾಳ್ರಿ ಈಕಿ?"

ಆ ಪ್ರಶ್ನೆ ನನಗೆ ನಾಟಿತು. ಊಟ ಮಾಡುವುದು ನನ್ನಲ್ಲಿಯೇ. ನನ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಇದೆ, ಮಡಕಿ ಕಾಳಿನ ಪಲ್ಯ ಇದೆ, ಮೆಂತ್ಯೆ ಸೊಪ್ಪು ಹಸಿಯಾಗಿಯೇ ತಟ್ಟೆಗೆ ಬೀಳುತ್ತದೆ. ಸೋಡಾ ಹಾಕಿ ಬೇಯಿಸುವವರ ಪೈಕಿ ನಾನಲ್ಲ. ನನ್ನ ಕೈಯ ಅನ್ನ ಉಂಡವಳಿಗೆ ರಕ್ತ ಇಲ್ಲವೆಂದರೆ ಹೇಗೆ? 

ಗುಳಿಗೆ ಆಕೆಗೆ ಹಿಡಿಸಲಿಲ್ಲ. ನುಂಗಿದರೆ ಹೊಟ್ಟೆ ತೊಳಸುವುದು, ವಾಂತಿ. ಡಾಕ್ಟರಮ್ಮ ಬೇರೆ ಗುಳಿಗೆ ಕೊಟ್ಟು, ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದರು. ಅದು ಹೇಗೋ ಹೊಟ್ಟೆಯಲ್ಲಿ ನಿಂತಿತು. ಆದರೂ ಆಕೆಯ ಮುಖ ನೆನೆಸಿದ ಅವಲಕ್ಕಿಯಂತೆ ಬೆಳ್ಳಗೇ ಇತ್ತು.

ಆ ವಾರ ನಮ್ಮ ವೈನಿ ಬಂದರು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಅವರ ಮನೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಲಿ ಎಂದು ಕಾಯುತ್ತಿದ್ದಂತಿತ್ತು. ನಾನು ಹುಡುಗಿಯ ವಿಷಯ ಹೇಳಿದ್ದೇ ತಡ, ಎರಡು ಪಂಕ್ತಿ ಮುಗಿಯುವವರೆಗೆ ಒಂದು ಮೂಲೆಯಲ್ಲಿ ಕೂತು ಎಲ್ಲರ ಊಟ ನೋಡಿದರು.

"ಊಟದಾಗ ತಪ್ಪಿಲ್ಲ," ಎಂದರು ಕೊನೆಗೆ. "ಆದ್ರ ಕೈ ತೊಳ್ಕೊಂಡ ಕೂಡ್ಲೇ ಎಲ್ಲಾರ್ಗೂ ಚಹಾ ಕೊಡ್ತೀಯಲ್ಲ, ಅದು ತಪ್ಪು. ಸೊಪ್ಪಿನ್ಯಾಗಿನ ಕಬ್ಬಿಣ ಮೈಗೆ ಹತ್ತಗೊಡೂದಿಲ್ಲ ಆ ಚಹಾ. ಇನ್ನ ಈ ಹುಡುಗ್ಯಾರು ಮುಂಜಾನೆ ಎಷ್ಟು ಮಂದಿ ಉಪಾಸ ಓದಾಕ ಕುಂದರ್ತಾರ, ಕೇಳಿ ನೋಡಿದಿ?"

ಕೇಳಿರಲಿಲ್ಲ. ಮರುದಿನದಿಂದ ಊಟದ ನಂತರದ ಚಹಾ ನಿಲ್ಲಿಸಿದೆ. ತಟ್ಟೆಗೊಂದು ಲಿಂಬೆಹಣ್ಣಿನ ಹೋಳು ಇಟ್ಟೆ. ಹುಡುಗಿಯರು ಗೊಣಗಿದರು, ಚಹಾ ಸಂಜೆಗೆ ಸಿಗುತ್ತದೆ ಎಂದು ತಿಳಿದ ಮೇಲೆ ಸುಮ್ಮನಾದರು.

ವೈನಿ ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ಸಲ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ದೊಡ್ಡ ಗಾಜಿನ ಬಾಟಲಿ ಇಟ್ಟುಕೊಂಡು ಬಂದರು. ಒಳಗೆ ಕಡು ಹಸಿರು ನೀರು. ಅವರ ಹಳೆಯ ಶಿಷ್ಯೆಯೊಬ್ಬಳು ಬೆಳೆಸುತ್ತಾಳಂತೆ, ಹೆಸರು ಸ್ಪಿರುಲಿನಾ.

"ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇದು. ಶಾಸ್ತ್ರದ ಪ್ರಕಾರ ಖರೇ ಪಾಚಿ ಅಲ್ಲ, ಬ್ಯಾಕ್ಟೀರಿಯಾದ ಪೈಕಿ. ಆದ್ರ ಎಲ್ಲಾರೂ ಪಾಚಿ ಅಂತಾರ, ನಾವೂ ಅನ್ನೂಣು. ಇದರಾಗ ಕಬ್ಬಿಣ ಐತಿ, ಸತು ಐತಿ, ತಾಮ್ರ, ಮ್ಯಾಂಗನೀಸ್ ಅವ. ಎಲ್ಲಾ ಒಂದೊಂದು ಕಣದಷ್ಟ. ಮೈಗೆ ಬೇಕಾಗೂದೂ ಅಷ್ಟ."

ಅವ್ವ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಬಂದು ಬಾಟಲಿಯನ್ನು ನೋಡಿದಳು.

"ಸತು ಅಂದ್ರ ಜಸ್ತ ಹೌದಲ್ಲೋ? ಕೊಡ ಮಾಡ್ತಾರಲ್ಲ, ಆ ಜಸ್ತ?"

"ಹೌದ್ರಿ ಅತ್ತಿ."

"ಕಬ್ಬಿಣ, ಜಸ್ತ, ತಾಂಬ್ರ. ಮನಷ್ಯಾನ ಹೊಟ್ಟಿ ಅಂದ್ರ ಭಾಂಡೆದ ಅಂಗಡಿ ಆತಲ್ಲ. ಹೊಂಡದಾಗಿನ ಹೊಲಸು ಪಂಕ್ತಿಗೆ ತರತೀರೇನು ಇನ್ನ?"

"ಹೊಂಡದಾಗಿಂದು ತಿನ್ನಬಾರದ್ರಿ, ಅದರಾಗ ವಿಷದ ಜಾತೀನೂ ಇರ್ತಾವ. ಇದನ್ನ ಶುದ್ಧ ನೀರಾಗ ನಾವ ಬೆಳಸೂದು."

ಅವ್ವ ಒಪ್ಪಲಿಲ್ಲ. ಆದರೆ ಒಂದು ಕಣದಷ್ಟು ಲೋಹ ಏನು ಮಾಡೀತು ಎಂಬ ನನ್ನ ಪ್ರಶ್ನೆಗೆ ಉತ್ತರ ಕೊಟ್ಟವಳು ಅವಳೇ. ಸಂಜೆ ಸಾರಿಗೆ ಒಗ್ಗರಣೆ ಹಾಕುವಾಗ, "ಇಂಗು ಎಷ್ಟು ಹಾಕ್ತಿ ನೀ? ಉಗುರಿನಷ್ಟೂ ಇಲ್ಲ. ಬಿಟ್ಟು ನೋಡು, ಎಲ್ಲಾರೂ ಕೇಳ್ತಾರ," ಎಂದಳು. ಹಾಗೆಂದು ಪಾಚಿಯ ಪರ ವಹಿಸಿದಂತಲ್ಲ. ನನ್ನ ಪ್ರಶ್ನೆ ಅವಳಿಗೆ ದಡ್ಡತನವೆನಿಸಿತ್ತು, ಅಷ್ಟೇ.

ನಮ್ಮ ಮಾಳಿಗೆಯ ಮೇಲೆ ಒಂದು ಹಳೆಯ ಸಿಮೆಂಟಿನ ತೊಟ್ಟಿ ಇತ್ತು. ತಿಕ್ಕಿ ತೊಳೆದು, ನೀರು ತುಂಬಿ, ವೈನಿ ಪೊಟ್ಟಣ ಕಟ್ಟಿ ಕೊಟ್ಟಿದ್ದ ಸೋಡಾ, ಉಪ್ಪು, ಲವಣಗಳನ್ನೆಲ್ಲ ಕರಗಿಸಿ, ಬಾಟಲಿಯ ಹಸಿರನ್ನು ಸುರಿದೆ. ಬಿಸಿಲು ಚೆನ್ನಾಗಿತ್ತು. ಕೆಲವೇ ದಿನಗಳಲ್ಲಿ ತೊಟ್ಟಿಯ ತಳ ಕಾಣದಷ್ಟು ದಟ್ಟವಾಯಿತು. ಮುಂಜಾನೆ ಎದ್ದ ಕೂಡಲೇ ನಾನು ಮೊದಲು ಮಾಳಿಗೆ ಹತ್ತುತ್ತಿದ್ದೆ. ಬಿತ್ತಿದ್ದು ಇಷ್ಟು ಲಗೂ ಬೆಳೆದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ವೈನಿ ಬಂದು ನೋಡಿದರು. ನಾನು ಹೊಗಳಿಕೆಗೆ ಕಾಯುತ್ತ ನಿಂತಿದ್ದೆ. ಅವರು ತೊಟ್ಟಿಯ ಒಳಗೋಡೆಯನ್ನು ಉಗುರಿನಿಂದ ಕೆರೆದರು. ಉಗುರಿಗೆ ನೀಲಿ ಹತ್ತಿತು.

"ಇದೇನು ಬಣ್ಣ?"

"ಹಳೇದು. ಗೇಟಿಗೆ ಹಚ್ಚಿ ಉಳಿದಿತ್ತು, ತೊಟ್ಟಿಗೆ ಹಚ್ಚಿದ್ರು ಆವಾಗ."

ವೈನಿ ಅಲ್ಲೇ ಕಟ್ಟೆಯ ಮೇಲೆ ಕೂತರು. "ಹಿಂಗಾದ್ರ ಇದನ್ನ ಚೆಲ್ಲಬೇಕು. ಹಳೇ ಬಣ್ಣದಾಗ ಸೀಸ ಇರಬಹುದು. ಈ ಪಾಚಿ ಐತಲ್ಲ, ಇದು ನೀರಿನ್ಯಾಗ ಏನಿದ್ರೂ ತನ್ನ ಮೈಗೆ ಎಳ್ಕೊಂತೈತಿ. ಸತು ಕೊಟ್ರ ಸತು, ಸೀಸ ಕೊಟ್ರ ಸೀಸ. ಒಳ್ಳೇದು ಕೆಟ್ಟದ್ದು ಅದಕ್ಕೇನು ಗೊತ್ತು?"

ನನಗೆ ಅಳು ಬಂದಂತಾಯಿತು. ಕೆಳಗಿನಿಂದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಿನ್ನುವ ವಸ್ತು ಚೆಲ್ಲುವುದೆಂದರೆ ಅವಳಿಗೆ ಸಂಕಟ. ತಟ್ಟೆಯಲ್ಲಿ ಅನ್ನ ಬಿಟ್ಟ ಹುಡುಗಿಯರಿಗೆ ಇಂದಿಗೂ ಅವಳ ಬೈಗುಳ ತಪ್ಪಿಲ್ಲ. ಈಗ ಬೈಯುತ್ತಾಳೆ ಎಂದುಕೊಂಡೆ. ಆದರೆ ಅವಳು ಕೆಳಗಿನಿಂದಲೇ, "ಚೆಲ್ಲು ಚೆಲ್ಲು. ಉಂಡವರ ಹೊಟ್ಟಿ ನಮ್ಮ ಜೋಖಮಿ," ಎಂದಳು. ಆ ಸಂಜೆ ಸೊಸೆಯನ್ನು ಕರೆದು, ಹಾಗಾದರೆ ಯಾವ ಪಾತ್ರೆ ಆದೀತು ಎಂದು ಅವಳೇ ಕೇಳಿದಳು. ಇಷ್ಟು ಕಷ್ಟಪಟ್ಟು ಬೆಳೆಸಿದ್ದನ್ನು ಒಂದೇ ಮಾತಿಗೆ ಚೆಲ್ಲಿಸಿದ ಸೊಸೆಯ ಮೇಲೆ ಅವಳಿಗೆ ನಂಬಿಕೆ ಬಂದಿತ್ತು ಎಂದು ಕಾಣುತ್ತದೆ.

ವೈನಿ ಶಿಷ್ಯೆಯಿಂದ ಇನ್ನೊಂದು ಬಾಟಲಿ ಹಸಿರು ತಂದರು. ಈ ಸಲ ಆಹಾರ ತುಂಬುವ ದೊಡ್ಡ ಪ್ಲಾಸ್ಟಿಕ್ ಟಬ್ಬು ತಂದೆವು. ಬೋರಿನ ನೀರು ಬಿಟ್ಟು, ಕುಡಿಯುವ ಶುದ್ಧ ನೀರನ್ನೇ ಹಾಕಿದೆವು. ಈ ಪಾಚಿ ತಳಕ್ಕೆ ಕೂರಬಾರದು, ಆಗಾಗ ಮೆಲ್ಲಗೆ ಕದಡಬೇಕು. ನಾನು ಸೌಟಿನಿಂದ ಗಡಬಡಿಸಿ ತಿರುವುವುದನ್ನು ಎರಡು ದಿನ ಸಹಿಸಿಕೊಂಡ ಅವ್ವ, ಮೂರನೆಯ ದಿನ ಮೊಣಕಾಲು ಮರೆತು ಮಾಳಿಗೆ ಹತ್ತಿ ಬಂದಳು. "ಸರಿ ಅತ್ತಾಗ. ಮಜ್ಜಿಗಿ ಕಡದಂಗ ಕಡದ್ರ ಸಾಯ್ತಾವ ಪಾಪ," ಎಂದು ಕುರ್ಚಿ ಹಾಕಿಕೊಂಡು ಕೂತಳು. ಅಂದಿನಿಂದ ಕದಡುವ ಕೆಲಸ ಅವಳದೇ ಆಯಿತು. ಪೂಜೆಯಾದ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಮರದ ಹುಟ್ಟಿನಿಂದ ಹಸಿರು ನೀರನ್ನು ನಿಧಾನವಾಗಿ ತಿರುವುತ್ತಿರುವ ಅವಳನ್ನು ನೋಡಿ ಪಕ್ಕದ ಮನೆಯವರು ಮೆಹಂದಿ ವ್ಯಾಪಾರ ಶುರು ಮಾಡಿದಿರಾ ಎಂದು ಕೇಳಿದರು.

ತೆಳು ಬಟ್ಟೆಯಲ್ಲಿ ಸೋಸಿದಾಗ ಉಳಿದ ಮುದ್ದೆ ನಿಜಕ್ಕೂ ಕಲಸಿದ ಮೆಹಂದಿಯಂತೆಯೇ ಇತ್ತು. ವೈನಿ ಒಂದಿಷ್ಟನ್ನು ಶಿಷ್ಯೆಯ ಮೂಲಕ ಪ್ರಯೋಗಾಲಯಕ್ಕೆ ಕೊಟ್ಟರು. ತಿನ್ನಲು ಯೋಗ್ಯ ಎಂದು ಗೊತ್ತಾಗುವವರೆಗೆ ಯಾರೂ ಮುಟ್ಟುವಂತಿಲ್ಲ ಎಂದು ಅವ್ವ ಟಬ್ಬಿನ ಮೇಲೆ ಹಳೆಯ ಸೀರೆ ಮುಚ್ಚಿಟ್ಟಳು. ಸರಿಯಿದೆ ಎಂಬ ಮಾತು ಬಂದ ಮೇಲೆ ಡಾಕ್ಟರಮ್ಮನನ್ನು ಕೇಳಿದೆವು. "ಗುಳಿಗಿ ಬಿಡಿಸಿ ಇದನ್ನ ಕೊಡಬ್ಯಾಡ್ರಿ. ಗುಳಿಗಿ ಜೋಡಿ, ಸ್ವಲ್ಪ ಸ್ವಲ್ಪ ಕೊಟ್ಟು ನೋಡ್ರಿ," ಎಂದರು.

ಮೊದಲು ಮಜ್ಜಿಗೆಯಲ್ಲಿ ಕಲಸಿ ನಾನೇ ಕುಡಿದೆ. ಕೆರೆಯ ದಂಡೆಯನ್ನು ನೆಕ್ಕಿದಂತಾಯಿತು. ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಶೇಂಗಾ ಚಟ್ನಿಗೆ ಹಾಕಿದರೆ ಚಟ್ನಿ ನೋಡಲಾಗದ ಬಣ್ಣಕ್ಕೆ ತಿರುಗಿತು. ಹುಚ್ಚೆಳ್ಳಿನ ನಮ್ಮ ಗುರೆಳ್ಳು ಚಟ್ನಿ ಮೊದಲೇ ಕಪ್ಪು. ಬೆಳ್ಳುಳ್ಳಿಯ ವಾಸನೆಯೂ ಜೋರು. ಅದರಲ್ಲಿ ಪಾಚಿ ಗಪ್ಪನೆ ಕೂತುಬಿಟ್ಟಿತು.

ಕಾಣುವುದಿಲ್ಲವೆಂದು ಮುಚ್ಚಿಟ್ಟು ಬಡಿಸುವುದು ನನಗೆ ಬೇಡವಾಗಿತ್ತು. ಹುಡುಗಿಯನ್ನು ಮಾಳಿಗೆಗೆ ಕರೆದು, ಟಬ್ಬು ತೋರಿಸಿ, ಇದು ಹೀಗೆ ಹೀಗೆ ಎಂದು ಎಲ್ಲವನ್ನೂ ಹೇಳಿದೆ. ತಿನ್ನುತ್ತೀಯಾ ಎಂದು ಕೇಳಿದೆ.

ಆಕೆ ಟಬ್ಬಿನೊಳಗೆ ಬಗ್ಗಿ ನೋಡಿ ನಕ್ಕಳು. "ಬಳಪ ತಿಂದಾಕಿಗೆ ಪಾಚಿ ಏನು ದೊಡ್ಡದ್ರಿ ಕಾಕು?"

ಅವ್ವ ಹುಟ್ಟು ಹಿಡಿದುಕೊಂಡೇ ನಗತೊಡಗಿದಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕಿದ್ದು.

ಒಂದೆರಡು ವಾರದಲ್ಲಿ ಉಳಿದ ಹುಡುಗಿಯರಿಗೂ ಸುದ್ದಿ ಮುಟ್ಟಿ, ತಮಗೂ ಅದೇ ಚಟ್ನಿ ಬೇಕೆಂದರು. ಅವಳಿಗೆ ಮಾತ್ರ ಜಾಣತನದ ಚಟ್ನಿ ಕೊಡುತ್ತೀರಿ ಎಂಬ ಗುಮಾನಿ ಅವರಿಗೆ. ಜಾಣತನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರೂ ಕೇಳಲಿಲ್ಲ. ಡಾಕ್ಟರಮ್ಮ ಬಂದು ಎಲ್ಲರ ರಕ್ತ ನೋಡಿದರು. ಅವರಲ್ಲಿ ಎಷ್ಟು ಜನರಿಗೆ ರಕ್ತ ಕಡಿಮೆಯಿತ್ತು ಎಂದರೆ, ಆ ದಿನವೇ ನಾನು ಅಡುಗೆಮನೆಗೆ ಹೋಗಿ ಮರುದಿನದ ಕಾಳನ್ನು ಇಮ್ಮಡಿ ನೆನೆಹಾಕಿದೆ.

ಇದೇ ಹೊತ್ತಿಗೆ ಹುಡುಗಿಯ ತಾಯಿ ಉಪ್ಪಿನಬೆಟಗೇರಿಯಿಂದ ಬಂದರು. ಮಗಳು ಬಿದ್ದ ಸುದ್ದಿ ತಡವಾಗಿ ಮುಟ್ಟಿತ್ತು. ಗಟ್ಟಿಮುಟ್ಟಾದ ಹೆಂಗಸು, ಮಾತು ಕಡಿಮೆ. ಖಾನಾವಳಿಯ ಮೂಲೆ ಮೂಲೆ ನೋಡಿದರು, ಪಾತ್ರೆಗಳನ್ನು ನೋಡಿದರು, ಕೊನೆಗೆ ಮಾಳಿಗೆ ಹತ್ತಿದರು. ಅವ್ವ ಟಬ್ಬಿನ ಪಕ್ಕ ಕೂತು ಬೆಳೆಸುವ ಬಗೆಯನ್ನೆಲ್ಲ ಹೇಳಿದಳು: ಬಾಟಲಿಯಲ್ಲಿ ಬಂದದ್ದು ತೊಟ್ಟಿ ತುಂಬಿದ ಕತೆ, ಸೋಸಿ ಸ್ವಲ್ಪ ಉಳಿಸಿದರೆ ಮತ್ತೆ ತುಂಬಿಕೊಳ್ಳುವ ಕತೆ.

"ಅಂದ್ರ ಹೆಪ್ಪ ಇದ್ದಂಗಾತಲ್ರಿ," ಎಂದರು ಆ ತಾಯಿ.

"ಹೌದವಾ, ಹೆಪ್ಪನ."

"ನನಗೂ ಒಂದೀಟು ಕೊಡ್ರಿ ಹಂಗಾದ್ರ. ಸಣ್ಣಾಕೀನೂ ಮನ್ಯಾಗ ಹಿಂಗ ಬಿಳಚಿಕೊಂಡಾಳ."

ವೈನಿ ಫೋನಿನಲ್ಲೇ ಅರ್ಧ ತಾಸು ಪಾಠ ಮಾಡಿದರು. ಯಾವ ನೀರು, ಯಾವ ಪಾತ್ರೆ, ಸಣ್ಣವಳನ್ನು ಮೊದಲು ಡಾಕ್ಟರಿಗೆ ತೋರಿಸಬೇಕು, ಎಲ್ಲ. ಆ ತಾಯಿ ಒಂದು ಬಾಟಲಿ ಹಸಿರನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಮಳೆಗಾಲದಲ್ಲಿ ನಮ್ಮ ಟಬ್ಬು ಸತ್ತಿತು. ಧಾರವಾಡದ ಜಿಟಿಜಿಟಿ ಮಳೆಗೆ ನಾವು ಮೇಲೆ ತಗಡು ಕಟ್ಟಿದ್ದೆವು. ಒಂದು ದಿನದ ಬಿರುಗಾಳಿಗೆ ತಗಡು ಕಿತ್ತು, ಟಬ್ಬು ಮಳೆನೀರಿನಿಂದ ತುಂಬಿ ಹರಿಯಿತು. ಎರಡು ದಿನದಲ್ಲಿ ಹಸಿರು ಹೋಗಿ ಹಳದಿ, ಆಮೇಲೆ ಕಂದು. ಮಾಳಿಗೆ ಹತ್ತಿದರೆ ಕೊಳೆತ ವಾಸನೆ. ವೈನಿಯ ಶಿಷ್ಯೆಯ ಟಬ್ಬುಗಳಿಗೂ ಆ ಮೋಡದಲ್ಲಿ ಅದೇ ಗತಿಯಾಗಿತ್ತು. ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ತಾನು ಕಟ್ಟಿಕೊಂಡ ಎಮ್ಮೆ ಸತ್ತಂತೆ ಕೂತಿದ್ದಳು. ಹುಡುಗಿ ಅವಳ ಪಕ್ಕ ಕೂತು, "ನಾ ಅವ್ವಗ ಫೋನ್ ಮಾಡ್ತೇನಿ, ಆಯಿ," ಎಂದಳು.

ಮರುದಿನ ಮೊದಲ ಬಸ್ಸಿಗೆ ಆಕೆಯ ತಾಯಿ ಬಂದಿಳಿದರು. ಅವರು ಟಬ್ಬನ್ನು ಪಡಸಾಲೆಯ ಬೆಳಕಿಂಡಿಯ ಕೆಳಗೆ ಇಟ್ಟಿದ್ದರಂತೆ. ಮಳೆ ಮುಟ್ಟಿರಲಿಲ್ಲ. ಹಸಿರು ನೀರು ತುಂಬಿದ ಬಾಟಲಿಯನ್ನು ಅವ್ವನ ಕೈಗೆ ಕೊಟ್ಟು, "ಹೆಪ್ಪ ಕಡಾ ಒಯ್ದಿದ್ನೆಲ್ರಿ, ಹೊಳ್ಳಿ ತಂದೇನಿ," ಎಂದರು. ಅವ್ವ ಅವರನ್ನು ಒಳಗೆ ಕರೆದುಕೊಂಡು ಹೋಗಿ, ತಾನೇ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಮಾಡಿ ಉಣಿಸಿದಳು.

ಮಳೆ ಕಡಿಮೆಯಾಗುವ ಹೊತ್ತಿಗೆ ಹುಡುಗಿಯ ರಕ್ತ ಏರಿತ್ತು. ಬಳಪ ಬೇಕೆನ್ನಿಸುವುದು ಯಾವಾಗ ನಿಂತಿತೆಂದು ಆಕೆಗೇ ಗೊತ್ತಾಗಿರಲಿಲ್ಲ. ಪಾಚಿಯಿಂದಲೇ ಇಷ್ಟಾಯಿತು ಎಂದು ನಾನು ಬೀಗಿದರೆ ಡಾಕ್ಟರಮ್ಮ ನಕ್ಕರು.

"ಗುಳಿಗಿನೋ, ಚಹಾ ಬಿಟ್ಟದ್ದೋ, ನಿಮ್ಮ ಚಟ್ನಿನೋ, ಬ್ಯಾರೆ ಮಾಡಿ ಹೇಳಾಕ ಬರೂದಿಲ್ರಿ. ಮೂರೂ ನಡಸ್ರಿ."

ವೈನಿಯೂ ಅದನ್ನೇ ಅಂದರು. ಒಂದು ಚಮಚ ಪುಡಿಯಲ್ಲಿ ಬೆಟ್ಟದಷ್ಟೇನೂ ಇರುವುದಿಲ್ಲ, ಊಟ ಸರಿಯಾದರೆ ಅದೂ ಕೈಜೋಡಿಸುತ್ತದೆ ಎಂದು. ಮೊದಲಾಗಿದ್ದರೆ ನನಗೆ ನಿರಾಸೆಯಾಗುತ್ತಿತ್ತೇನೋ. ಈಗ ಅನ್ನಿಸಿದ್ದೇ ಬೇರೆ. ಪಾಚಿಯ ನೆಪದಲ್ಲಿ ನಾನು ನನ್ನ ಪಂಕ್ತಿಯನ್ನು ಮೊದಲ ಸಲ ಸರಿಯಾಗಿ ನೋಡಿದ್ದೆ. ಯಾರು ಏನು ಬಿಡುತ್ತಾರೆ, ಯಾರ ಉಗುರು ಬೆಳ್ಳಗಿದೆ, ಯಾರು ಹಸಿದು ಓದುತ್ತಾರೆ ಎಂಬುದು ಈಗ ನನಗೆ ಕಾಣುತ್ತದೆ.

ಓಟದ ಪರೀಕ್ಷೆಯ ದಿನ ನಾನು ಮತ್ತು ಆಕೆಯ ತಾಯಿ ಮೈದಾನದ ಗೋಡೆಯ ಹೊರಗೆ ನಿಂತಿದ್ದೆವು. ಒಳಗೆ ಬಿಡುವುದಿಲ್ಲ. ಸೀಟಿಯ ಸದ್ದು ಕೇಳಿಸುತ್ತಿತ್ತು, ಯಾರು ಓಡುತ್ತಿದ್ದಾರೆ ಎಂಬುದು ತಿಳಿಯುತ್ತಿರಲಿಲ್ಲ. ಪ್ರತಿ ಸೀಟಿಗೂ ಆ ತಾಯಿ ನನ್ನ ಕೈ ಹಿಸುಕುತ್ತಿದ್ದರು. ಬಹಳ ಹೊತ್ತಿನ ಮೇಲೆ ಹುಡುಗಿ ಗೇಟಿನಿಂದ ಹೊರಬಂದಳು. ಮುಖ ಕೆಂಪಗಾಗಿತ್ತು. ಆ ಮುಖದ ಮೇಲೆ ಕೆಂಪು ಕಂಡದ್ದು ನನಗೆ ಅದೇ ಮೊದಲು.

"ಮುಗಸೀನ್ರಿ ಕಾಕು. ಆದಮ್ಯಾಲೆ ಇನ್ನೊಂದೀಟು ಓಡಬಹುದಿತ್ತು ಅನ್ನಿಸ್ತು."

ತಾಯಿ ಮಗಳ ಬೆವರನ್ನು ಸೆರಗಿನಿಂದ ಒರೆಸಿದರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

ಆಕೆಗೆ ಕೆಲಸ ಸಿಕ್ಕಿತು. ತರಬೇತಿ ಮುಗಿಸಿ ಈಗ ಬೇರೆ ಜಿಲ್ಲೆಯಲ್ಲಿ ಇದ್ದಾಳೆ. ಅಲ್ಲಿಯ ಊಟ ಸಪ್ಪೆ ಎಂದು ದೂರು ಹೇಳಲು ಆಗಾಗ ಅವ್ವನಿಗೆ ಫೋನ್ ಮಾಡುತ್ತಾಳೆ.

ಕಳೆದ ಚಳಿಗಾಲದಲ್ಲಿ ಆಕೆಯ ತಾಯಿ ನಮ್ಮನ್ನು ಉಪ್ಪಿನಬೆಟಗೇರಿಗೆ ಕರೆದರು. ಅವರಿಂದ ಪಾಚಿ ಒಯ್ದ ಐದಾರು ಮನೆಯ ಹೆಂಗಸರು ಅಂಗಳದಲ್ಲಿ ಸೇರಿದ್ದರು. ವೈನಿ ಮಾತಾಡಬೇಕೆಂದು ಬೇಡಿಕೆ. ವೈನಿ ಹಿಂದಿನ ದಿನವೇ ಸೀರೆಗೆ ಇಸ್ತ್ರಿ ಮಾಡಿಟ್ಟುಕೊಂಡಿದ್ದರೆಂದು ಅಣ್ಣ ನನಗೆ ಗುಟ್ಟಾಗಿ ಹೇಳಿದ್ದ. ಜೊತೆಗೆ ಅವರು ತಮ್ಮ ಹಳೆಯ ಸೂಕ್ಷ್ಮದರ್ಶಕವನ್ನೂ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು.

ಮಾತು ಹೆಚ್ಚು ನಡೆಯಲಿಲ್ಲ. ಸೋಮವಾರದ ಒಪ್ಪತ್ತಿಗೆ ಇದು ನಡೆಯುತ್ತದೋ ಎಂದು ಒಬ್ಬಾಕೆ ಕೇಳಿದಾಗ ವೈನಿ ತಡವರಿಸಿದರು. "ಸೊಪ್ಪು ನಡೀತೈತಿ ಅಂದ್ರ ಇದೂ ನಡೀತೈತಿ," ಎಂದು ಅವ್ವ ತೀರ್ಪು ಕೊಟ್ಟಳು. ಆಮೇಲೆ ಎಲ್ಲರೂ ಸೂಕ್ಷ್ಮದರ್ಶಕಕ್ಕೆ ಸಾಲು ನಿಂತರು. ವೈನಿ ಗಾಜಿನ ಮೇಲೆ ಒಂದು ಹನಿ ಇಟ್ಟು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಒಬ್ಬೊಬ್ಬರ ಹೆಗಲ ಮೇಲೆ ಕೈಯಿಟ್ಟು ತೋರಿಸುತ್ತಿದ್ದರು. ಪೆನ್ನಿನೊಳಗಿನ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಹಸಿರು ಎಳೆಗಳು.

ಹುಡುಗಿಯ ತಾಯಿಯ ಸರದಿ ಬಂತು. ಒಂದು ಕಣ್ಣು ಮುಚ್ಚಿ ಬಗ್ಗಿದವರು ಏಳಲೇ ಇಲ್ಲ. ಹಿಂದೆ ನಿಂತವರು ಅವಸರ ಮಾಡಿದರು.

"ತಡೀರಿ," ಎಂದರು ಅವರು, ತಲೆಯೆತ್ತದೆ. "ಇವು ಮೆಲ್ಲಕ ಸುತ್ತ ಹೊಳ್ಳಾಕತ್ತಾವ."